ತೋಟದ ವಾಹನಕ್ಕೆ ತಕ್ಕ ಲೈಸೆನ್ಸು

ಅರೇಬಿಕಾ ಹಣ್ಣು ಕೊಯ್ಲಿಗೆ ಬರುವ ನವೆಂಬರಿನಿಂದ ಹಿಡಿದು ರೊಬಸ್ಟಾ ಚೆರಿ ಕಣದಲ್ಲಿ ಒಣಗಿ ಚೀಲ ಸೇರುವವರೆಗೆ, ಇತ್ತ ಅಡಿಕೆಯ ಕೊನೆಕೊಯ್ಲು ಮುಗಿದು ಮಾಲು ಮಂಡಿಗೆ ಹೋಗುವವರೆಗೆ, ಮಲೆನಾಡಿನ ರಸ್ತೆಗಳಲ್ಲಿ ತೋಟದ ವಾಹನಗಳಿಗೆ ಬಿಡುವಿಲ್ಲ. ಹಿಂದೆ ಊರಿಗೊಂದು ಲಾರಿ, ದೊಡ್ಡ ತೋಟಕ್ಕೊಂದು ಜೀಪು ಇದ್ದರೆ ಅದೇ ಹೆಚ್ಚು. ಈಗ ನಾಲ್ಕೈದು ಎಕರೆಯ ಬೆಳೆಗಾರರ ಅಂಗಳದಲ್ಲೂ ಒಂದು ಪಿಕಪ್ಪು ನಿಂತಿರುತ್ತದೆ, ಇಲ್ಲವೇ ಟ್ರ್ಯಾಕ್ಟರು. ಇಬ್ಬರು ಮೂವರು ಸೇರಿ ಹಳೆಯದೊಂದು ಲಾರಿ ಕೊಂಡವರೂ ಇದ್ದಾರೆ. ವಾಹನ ಕೊಳ್ಳುವಾಗ ಬೆಲೆ, ಮೈಲೇಜು, ಸಾಲದ ಬಡ್ಡಿ ಎಲ್ಲವನ್ನೂ ವಿಚಾರಿಸುತ್ತೇವೆ. ಅದನ್ನು ನಡೆಸುವವರ ಕಿಸೆಯಲ್ಲಿರುವ ಲೈಸೆನ್ಸು ಆ ವಾಹನಕ್ಕೆ ಸಲ್ಲುತ್ತದೆಯೇ ಎಂಬ ಪ್ರಶ್ನೆ ಮಾತ್ರ ಅಪಘಾತವಾದ ಮೇಲೆಯೇ ಹುಟ್ಟುವುದು ಹೆಚ್ಚು. ಆಗ ಆ ಪ್ರಶ್ನೆಯನ್ನು ಕೇಳುವವರು ವಿಮಾ ಕಂಪೆನಿಯ ವಕೀಲರು.

ಈ ವಿಷಯದಲ್ಲಿ ಬಹುಕಾಲ ಗೊಂದಲವಿತ್ತು. ಕಾರು ಓಡಿಸುವ ಸಾಮಾನ್ಯ ಲೈಸೆನ್ಸಿನಲ್ಲಿ ಪಿಕಪ್ಪು ಓಡಿಸಬಹುದೇ? "ಟ್ರಾನ್ಸ್‌ಪೋರ್ಟ್" ಎಂದು ಬೇರೆ ಬರೆಸಿಕೊಳ್ಳಬೇಕೇ? ಟ್ರೇಲರು ಸಿಕ್ಕಿಸಿದ ಕೂಡಲೆ ಟ್ರ್ಯಾಕ್ಟರಿನ ಜಾತಿಯೇ ಬದಲಾಗುತ್ತದೆಯೇ? ಈ ಪ್ರಶ್ನೆಗಳನ್ನು ಹಿಡಿದು ನಮ್ಮಲ್ಲಿಗೆ ಬರುವ ಸದಸ್ಯರಿಗೆ ಈಗ ಸಾಕಷ್ಟು ಖಚಿತವಾದ ಉತ್ತರ ಕೊಡಬಹುದಾಗಿದೆ. ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು 2024ರ ನವೆಂಬರ್ 6ರಂದು ಇದರ ಮೇಲೆ ತೀರ್ಪು ಕೊಟ್ಟಿದೆ. ಬಜಾಜ್ ಅಲಯನ್ಸ್ ಮತ್ತು ರಂಭಾದೇವಿ ಎಂಬವರ ನಡುವಿನ ಮೊಕದ್ದಮೆಯ ಹೆಸರಿನಲ್ಲಿ ಅದು ಪ್ರಸಿದ್ಧವಾಗಿದೆ. ಈ ಹೆಸರನ್ನು ಡೈರಿಯಲ್ಲಿ ಬರೆದಿಟ್ಟುಕೊಂಡರೆ ನಷ್ಟವಿಲ್ಲ; ಎಂದಾದರೂ ನಿಮ್ಮ ವಕೀಲರಿಗೆ ನೆನಪಿಸಬೇಕಾದೀತು.

ಮೊದಲು ಕಾಯಿದೆ ಏನು ಹೇಳುತ್ತದೆಂದು ನೋಡೋಣ. 1988ರ ಮೋಟಾರು ವಾಹನ ಕಾಯಿದೆಯ 2ನೆಯ ಕಲಮಿನಲ್ಲಿ "ಲಘು ಮೋಟಾರು ವಾಹನ" ಎಂದರೇನು ಎಂಬ ವಿವರಣೆ ಇದೆ. ಲೈಸೆನ್ಸ್ ಕಾರ್ಡಿನ ಮೇಲೆ ಎಲ್.ಎಂ.ವಿ. ಎಂದು ಅಚ್ಚಾಗುವುದು ಇದೇ. ಸಾರಿಗೆ ವಾಹನ ಅಥವಾ ಆಮ್ನಿಬಸ್ ಆದರೆ ಅದರ ಒಟ್ಟು ತೂಕ 7,500 ಕಿಲೋ ಮೀರಿರಬಾರದು. ಕಾರು, ಟ್ರ್ಯಾಕ್ಟರು, ರೋಡ್ ರೋಲರ್ ಆದರೆ ಅದರ ಖಾಲಿ ತೂಕ 7,500 ಕಿಲೋ ಮೀರಿರಬಾರದು. ಗಮನಿಸಿ, ಸಾರಿಗೆ ವಾಹನವೂ ಈ ವಿವರಣೆಯ ಒಳಗೇ ಇದೆ. ಆದರೆ ಅದೇ ಕಾಯಿದೆಯ 10ನೆಯ ಕಲಮಿನಲ್ಲಿ ಲೈಸೆನ್ಸಿನ ವರ್ಗಗಳನ್ನು ಹೇಳುವಾಗ ಲಘು ಮೋಟಾರು ವಾಹನ ಒಂದು ವರ್ಗ, ಸಾರಿಗೆ ವಾಹನ ಇನ್ನೊಂದು ವರ್ಗ ಎಂದು ಬೇರೆಬೇರೆಯಾಗಿ ಬರೆದಿದೆ. 1994ರಲ್ಲಿ ಕಾಯಿದೆಗೆ ತಿದ್ದುಪಡಿಯಾದಾಗ ಮಧ್ಯಮ ಮತ್ತು ಭಾರೀ ವಾಹನಗಳ ನಾಲ್ಕು ವರ್ಗಗಳನ್ನು ತೆಗೆದು "ಸಾರಿಗೆ ವಾಹನ" ಎಂಬ ಒಂದೇ ಮಾತನ್ನು ಸೇರಿಸಿದರು. ತಕರಾರು ಹುಟ್ಟಿದ್ದು ಅಲ್ಲಿಂದ.

ಸಣ್ಣ ಪಿಕಪ್ಪು ಕೂಡ ಸರಕು ಸಾಗಿಸುವುದರಿಂದ ಕಾನೂನಿನ ಪ್ರಕಾರ ಸಾರಿಗೆ ವಾಹನವೇ. ಸ್ವಂತ ಕಾಫಿಯನ್ನೇ ಸಾಗಿಸಲಿ, ಪರರ ಮಾಲನ್ನು ಬಾಡಿಗೆಗೆ ಸಾಗಿಸಲಿ, ಈ ಮಾತಿಗೆ ವ್ಯತ್ಯಾಸವಿಲ್ಲ. "ನಮ್ಮದೇ ಮಾಲು, ನಮಗೇಕೆ ಸಾರಿಗೆ ವಾಹನದ ಗೊಡವೆ" ಎಂಬುದು ನಮ್ಮ ಕಡೆ ಬಹಳ ಮಂದಿಯ ನಂಬಿಕೆ, ಅದಕ್ಕೆ ಆಧಾರವಿಲ್ಲ. ಹೀಗಾಗಿ ಚಾಲಕನ ಬಳಿ ಬರೀ ಎಲ್.ಎಂ.ವಿ. ಲೈಸೆನ್ಸು ಇದ್ದರೆ "ಟ್ರಾನ್ಸ್‌ಪೋರ್ಟ್ ಎಂದು ಬರೆದಿಲ್ಲ, ಆದ್ದರಿಂದ ಈ ಲೈಸೆನ್ಸು ಸಲ್ಲದು, ನಾವು ಹಣ ಕೊಡುವುದಿಲ್ಲ" ಎಂದು ವಿಮಾ ಕಂಪೆನಿಗಳು ದೇಶದಾದ್ಯಂತ ನ್ಯಾಯಮಂಡಳಿಗಳಲ್ಲಿ ವಾದಿಸುತ್ತ ಬಂದವು. ಕೆಲವೆಡೆ ಆ ವಾದ ಗೆದ್ದಿತು, ಕೆಲವೆಡೆ ಸೋತಿತು. 2017ರ ಜುಲೈ 3ರಂದು ಮುಕುಂದ್ ದೇವಾಂಗನ್ ಮೊಕದ್ದಮೆಯಲ್ಲಿ ಮೂವರು ನ್ಯಾಯಮೂರ್ತಿಗಳು ವಾಹನ ಮಾಲೀಕರ ಪರವಾಗಿ ಹೇಳಿದರು. ಕಂಪೆನಿಗಳು ಅದನ್ನೂ ಪ್ರಶ್ನಿಸಿದ್ದರಿಂದ ವಿಷಯ ಐವರ ಪೀಠಕ್ಕೆ ಹೋಯಿತು.

ಐವರ ಪೀಠ ಹೇಳಿದ್ದು ಇಷ್ಟು. ಎಲ್.ಎಂ.ವಿ. ಲೈಸೆನ್ಸು ಇರುವವರು ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನವನ್ನು ಓಡಿಸಬಹುದು. ಅದಕ್ಕಾಗಿ ಬೇರೆ ಬರಹದ ಅಗತ್ಯವಿಲ್ಲ. ಸಾರಿಗೆ ವಾಹನಗಳಿಗೆಂದು ಕಾಯಿದೆಯಲ್ಲೂ ನಿಯಮಗಳಲ್ಲೂ ಇರುವ ಹೆಚ್ಚಿನ ಅರ್ಹತೆಗಳು 7,500 ಕಿಲೋ ಮೀರಿದ ಮಧ್ಯಮ ಹಾಗೂ ಭಾರೀ ವಾಹನಗಳಿಗೆ ಮಾತ್ರ ಅನ್ವಯಿಸುತ್ತವೆ. ವಿದ್ಯುತ್ ರಿಕ್ಷಾ, ವಿದ್ಯುತ್ ಗಾಡಿ, ಅಪಾಯಕಾರಿ ಸರಕು ಸಾಗಿಸುವ ವಾಹನಗಳಿಗೆ ಇರುವ ವಿಶೇಷ ನಿಯಮಗಳು ಹಾಗೆಯೇ ಉಳಿದಿವೆ. ಎಲ್.ಎಂ.ವಿ. ಲೈಸೆನ್ಸಿನವರು ಇಂಥ ವಾಹನ ಓಡಿಸುವುದರಿಂದಲೇ ಅಪಘಾತ ಹೆಚ್ಚಿತೆಂದು ತೋರಿಸುವ ಅಂಕಿಅಂಶಗಳನ್ನು ಯಾರೂ ತಮ್ಮ ಮುಂದಿಟ್ಟಿಲ್ಲ ಎಂಬುದನ್ನೂ ನ್ಯಾಯಾಲಯ ಗುರುತಿಸಿತು.

ನಮ್ಮ ಸಣ್ಣ ಬೆಳೆಗಾರರಿಗೆ ಇದು ದೊಡ್ಡ ನೆಮ್ಮದಿ. ಏಸ್, ಬೊಲೆರೊ ಪಿಕಪ್, 407ರಂಥ ವಾಹನಗಳು ಈ ಗೆರೆಯ ಒಳಗೇ ಬರುತ್ತವೆ. ಇವಕ್ಕಾಗಿ "ಟ್ರಾನ್ಸ್‌ಪೋರ್ಟ್ ಬರೆಸಿಕೊಡುತ್ತೇವೆ" ಎಂದು ಯಾರಾದರೂ ಮಧ್ಯವರ್ತಿ ಹಣ ಕೇಳಿದರೆ ಕೊಡುವ ಅಗತ್ಯವಿಲ್ಲ.

ಆದರೆ ಗೆರೆ ಎಲ್ಲಿದೆಯೆಂದು ಗೊತ್ತಾದರೆ ಸಾಲದು, ನಮ್ಮ ವಾಹನ ಅದರ ಯಾವ ಬದಿಗಿದೆಯೆಂದು ತಿಳಿಯಬೇಕು. ಒಟ್ಟು ತೂಕವೆಂದರೆ ಆ ದಿನ ನೀವು ಹೇರಿದ ಮಾಲಿನ ತೂಕವಲ್ಲ. ವಾಹನದ ಸ್ವಂತ ತೂಕಕ್ಕೆ ಅದು ಹೊರಬಹುದೆಂದು ಅನುಮತಿಸಿದ ಭಾರವನ್ನು ಸೇರಿಸಿ ನೋಂದಣಿ ಅಧಿಕಾರಿಗಳು ನಮೂದಿಸಿದ ತೂಕ. ಇದು ಆರ್.ಸಿ.ಯಲ್ಲಿ ಇರುತ್ತದೆ. ಖಾಲಿ ಲಾರಿ ಓಡಿಸಿಕೊಂಡು ಗ್ಯಾರೇಜಿಗೆ ಹೋಗುವಾಗಲೂ ಲೆಕ್ಕಕ್ಕೆ ಬರುವುದು ಈ ಒಟ್ಟು ತೂಕವೇ. "ಬರೀ ಗಾಡಿ ತಾನೇ, ಹುಡುಗ ತೆಗೆದುಕೊಂಡು ಹೋಗಲಿ" ಎನ್ನುವಂತಿಲ್ಲ. ಗಾಡಿಯ ಹೆಸರಿನ ಜೊತೆಗಿರುವ ಸಂಖ್ಯೆಯನ್ನೂ ಮಾರುವವರ ಬಾಯಿಮಾತನ್ನೂ ನಂಬಬೇಡಿ. ನೋಡಲು ಒಂದೇ ಅಳತೆಯ ಎರಡು ಲಾರಿಗಳಲ್ಲಿ ಒಂದು ಗೆರೆಯ ಈಚೆ, ಇನ್ನೊಂದು ಆಚೆ ಇರಬಹುದು. ಹಳೆಯ ಲಾರಿ ಕೊಳ್ಳುವವರು ಮುಂಗಡ ಕೊಡುವ ಮೊದಲೇ ಆರ್.ಸಿ. ತರಿಸಿ ಆ ಒಂದು ಸಂಖ್ಯೆಯನ್ನು ಓದಬೇಕು. 7,500ಕ್ಕಿಂತ ಒಂದು ಕಿಲೋ ಹೆಚ್ಚಿದ್ದರೂ ಅದನ್ನು ನಡೆಸಲು ಬೇರೆ ಲೈಸೆನ್ಸು ಬೇಕು. 12,000 ಕಿಲೋ ಮೀರಿದರೆ ಅದು ಭಾರೀ ವಾಹನ.

ಅತಿಯಾಗಿ ಹೇರಿದರೆ ಲೈಸೆನ್ಸಿನ ವರ್ಗವೇನೂ ಬದಲಾಗುವುದಿಲ್ಲ. ಅದು ಬೇರೆಯೇ ಅಪರಾಧ: 2019ರ ತಿದ್ದುಪಡಿಯ ಪ್ರಕಾರ 20,000 ರೂಪಾಯಿ, ಜೊತೆಗೆ ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ ದಂಡ. 50 ಕಿಲೋದ ಇಪ್ಪತ್ತು ಚೀಲ ಸೇರಿದರೆ ಒಂದು ಟನ್ನು ಎಂಬುದು ಚೀಲ ಎಣಿಸುವ ನಮಗೆ ಹೇಳಿಕೊಡಬೇಕಾದ ಲೆಕ್ಕವಲ್ಲ.

ಟ್ರ್ಯಾಕ್ಟರಿನ ಪ್ರಶ್ನೆಗೆ ಬರೋಣ. ಇದರ ಬಗ್ಗೆ ನಮ್ಮಲ್ಲಿ ಹೆಚ್ಚು ಸಂದೇಹಗಳಿವೆ. ಬೇಸಾಯದ ಟ್ರ್ಯಾಕ್ಟರಿನ ಖಾಲಿ ತೂಕ 7,500 ಕಿಲೋದ ಹತ್ತಿರಕ್ಕೂ ಬರುವುದಿಲ್ಲವಾದ್ದರಿಂದ ಅದು ಲಘು ಮೋಟಾರು ವಾಹನ. ಎಲ್.ಎಂ.ವಿ. ಲೈಸೆನ್ಸಿನಲ್ಲಿ ಅದನ್ನು ಓಡಿಸಬಹುದು. ಟ್ರೇಲರು ಜೋಡಿಸಿದ ಮಾತ್ರಕ್ಕೆ ಟ್ರ್ಯಾಕ್ಟರಿನ ಲೈಸೆನ್ಸು ನಿಷ್ಪ್ರಯೋಜಕವಾಗುವುದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2001ರಲ್ಲೇ ನಾಗಶೆಟ್ಟಿ ಮೊಕದ್ದಮೆಯಲ್ಲಿ ಹೇಳಿದೆ. ಆದರೆ ಟ್ರೇಲರಿಗೆ ಪ್ರತ್ಯೇಕ ನೋಂದಣಿ ಬೇಕು, ಮತ್ತು ವಿಮೆಯ ಪಾಲಿಸಿಯಲ್ಲಿ ಟ್ರೇಲರಿನ ಹೆಸರೂ ಸೇರಿರಬೇಕು. ಟ್ರ್ಯಾಕ್ಟರಿಗೆ ಮಾತ್ರ ಕಂತು ಕಟ್ಟಿ ಟ್ರೇಲರನ್ನು ಬಿಟ್ಟಿರುವವರು ಈ ವಾರವೇ ಪಾಲಿಸಿಯನ್ನು ತೆಗೆದು ನೋಡುವುದು ಒಳ್ಳೆಯದು. ಬೇಸಾಯಕ್ಕೆಂದು ನೋಂದಣಿ ಮಾಡಿಸಿ, ತೋಟದ ಕೆಲಸವಿಲ್ಲದ ದಿನಗಳಲ್ಲಿ ಜಲ್ಲಿ ಇಟ್ಟಿಗೆ ಬಾಡಿಗೆಗೆ ಹೊಡೆಸಿದರೆ ಲೈಸೆನ್ಸು ಸರಿಯಿದ್ದರೂ ವಿಮೆಯ ತಕರಾರು ಬರುತ್ತದೆ.

ಟ್ರೇಲರಿನಲ್ಲಾಗಲಿ ಪಿಕಪ್ಪಿನ ಹಿಂಬದಿಯಲ್ಲಾಗಲಿ ಕೊಯ್ಲಿನ ಆಳುಗಳನ್ನು ತುಂಬಿಕೊಂಡು ಬರುವ ಪದ್ಧತಿಯ ಬಗ್ಗೆ ಇಲ್ಲೇ ಒಂದು ಮಾತು. ಸರಕು ವಾಹನದಲ್ಲಿ ಪ್ರಯಾಣಿಕರಂತೆ ಬಂದವರ ಹೊಣೆ ವಿಮಾ ಕಂಪೆನಿಯದಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಆಶಾರಾಣಿ ಮೊಕದ್ದಮೆಯಿಂದ ಈಚೆಗೆ ಹೇಳುತ್ತಲೇ ಬಂದಿದೆ. ಸರಕಿನ ಮಾಲೀಕ ಅಥವಾ ಅವರ ಪ್ರತಿನಿಧಿ ಸರಕಿನ ಜೊತೆ ಹೋಗುವುದು ಬೇರೆ ಮಾತು. ಚಾಲಕನ ಲೈಸೆನ್ಸು ಎಷ್ಟೇ ಚೊಕ್ಕವಾಗಿದ್ದರೂ ಇಲ್ಲಿ ಅದು ಕಾಯುವುದಿಲ್ಲ.

ಪಣಕ್ಕಿರುವುದು ಏನೆಂದು ಬಿಡಿಸಿ ಹೇಳಬೇಕಾಗಿದೆ. ತಪ್ಪು ಲೈಸೆನ್ಸಿನ ಚಾಲಕನಿಗೆ 181ನೆಯ ಕಲಮಿನಂತೆ ಮೂರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿ ದಂಡ ಅಥವಾ ಎರಡೂ. ಅಂಥವರ ಕೈಗೆ ವಾಹನ ಕೊಟ್ಟ ಮಾಲೀಕರಿಗೂ 180ನೆಯ ಕಲಮಿನಂತೆ ಅಷ್ಟೇ ಶಿಕ್ಷೆ. ಇದನ್ನು ಕಟ್ಟಿ ಮನೆಗೆ ಬರಬಹುದು. ಆದರೆ ಘಾಟಿಯ ತಿರುವಿನಲ್ಲಿ ಲಾರಿ ಜಾರಿ, ಎದುರಿನ ಬೈಕಿನಲ್ಲಿದ್ದ ದುಡಿಯುವ ಪ್ರಾಯದ ಮನುಷ್ಯನೊಬ್ಬ ತೀರಿಕೊಂಡನೆಂದು ಊಹಿಸಿಕೊಳ್ಳಿ. ನ್ಯಾಯಮಂಡಳಿ ಅವನ ಪ್ರಾಯ, ಆದಾಯ, ಅವಲಂಬಿತರನ್ನು ಲೆಕ್ಕ ಹಾಕಿ ಪರಿಹಾರ ನಿಗದಿ ಮಾಡುತ್ತದೆ. ಅದು ಸಣ್ಣ ತೋಟದ ಹಲವು ವರ್ಷಗಳ ಬೆಳೆಗೆ ಸಮನಾಗಬಹುದು. ವಿಮೆ ಇದೆಯೆಂದು ನಾವು ಧೈರ್ಯವಾಗಿರುತ್ತೇವೆ. ಚಾಲಕನ ಲೈಸೆನ್ಸು ಆ ವಾಹನಕ್ಕೆ ಸಲ್ಲದೆಂದು ಸಾಬೀತಾದರೆ, ನ್ಯಾಯಾಲಯ ಸಾಮಾನ್ಯವಾಗಿ "ಮೊದಲು ಕಂಪೆನಿ ಹಣ ಕೊಡಲಿ, ಆಮೇಲೆ ಮಾಲೀಕರಿಂದ ವಸೂಲು ಮಾಡಿಕೊಳ್ಳಲಿ" ಎಂದು ಆಜ್ಞೆ ಮಾಡುತ್ತದೆ. ಸತ್ತವರ ಮನೆಯವರಿಗೆ ನ್ಯಾಯ ಸಿಗುತ್ತದೆ, ಅದು ಸರಿಯೇ. ನಮ್ಮ ಪಾಲಿಗೆ ಮಾತ್ರ ಆ ಮೊತ್ತ ಭೂಕಂದಾಯದ ಬಾಕಿಯಂತೆ ವಸೂಲಿಗೆ ಬರಬಹುದು. ಭೂಕಂದಾಯದ ಬಾಕಿ ಹೇಗೆ ವಸೂಲಾಗುತ್ತದೆಂದು ತೋಟ ಇರುವವರಿಗೆ ಗೊತ್ತು.

ಇದರಲ್ಲಿ ಮಾಲೀಕರಿಗೆ ಒಂದು ರಕ್ಷಣೆಯೂ ಇದೆ. 2004ರ ಜನವರಿಯಲ್ಲಿ ಸ್ವರಣ್ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದಂತೆ, ಲೈಸೆನ್ಸು ಸರಿಯಿಲ್ಲವೆಂದು ತೋರಿಸಿದರೆ ಕಂಪೆನಿಗೆ ಸಾಲದು. ಮಾಲೀಕರು ತಕ್ಕ ಎಚ್ಚರಿಕೆ ವಹಿಸಲಿಲ್ಲವೆಂಬುದನ್ನೂ ಅದು ಸಾಬೀತು ಮಾಡಬೇಕು. ಚಾಲಕ ತೋರಿಸಿದ ಲೈಸೆನ್ಸು ಮೇಲ್ನೋಟಕ್ಕೆ ಸರಿಯಾಗಿದ್ದು, ಅವನು ಗಾಡಿಯನ್ನು ಚೆನ್ನಾಗಿಯೇ ಓಡಿಸುತ್ತಾನೆಂದು ನೋಡಿ ಕೆಲಸಕ್ಕೆ ಇಟ್ಟುಕೊಂಡವರು, ಆಮೇಲೆ ಅದು ನಕಲಿಯೆಂದು ಬಯಲಾದರೂ ಪಾರಾಗಬಹುದು. ಆದರೆ ನೋಡಿದ್ದೇವೆಂದು ತೋರಿಸಲು ಏನಾದರೂ ಇರಬೇಕಷ್ಟೆ. ಚಾಲಕ ಕೆಲಸಕ್ಕೆ ಸೇರಿದ ದಿನವೇ ಲೈಸೆನ್ಸಿನ ಎರಡೂ ಬದಿಯ ಜೆರಾಕ್ಸ್ ಪ್ರತಿ ತೆಗೆದು, ತಾರೀಖು ಹಾಕಿ, ಅವನ ಸಹಿ ಪಡೆದು ಹಾಜರಿ ಪುಸ್ತಕದ ಜೊತೆ ಇಡಿ ಎಂದು ನಾವು ಹೇಳುವುದು ಇದಕ್ಕಾಗಿ. ತೋಟಕ್ಕೆ ರೈಟರು ಇದ್ದರೆ ಇದು ಅವರ ಹತ್ತು ನಿಮಿಷದ ಕೆಲಸ. ಈಗ ಹೊರರಾಜ್ಯಗಳಿಂದ ಕೊಯ್ಲಿಗೆ ಬಂದವರಲ್ಲೂ ಗಾಡಿ ಬಲ್ಲವರಿರುತ್ತಾರೆ. ಅವರ ಊರಿನ ಲೈಸೆನ್ಸು ಇಡೀ ದೇಶಕ್ಕೆ ಸಲ್ಲುತ್ತದೆ; ಅದು ಕಾರಣವಾಗಿ ನಿರಾಕರಿಸಬೇಕಿಲ್ಲ. ಕೇಂದ್ರ ಸರಕಾರದ ಪರಿವಾಹನ್ ತಾಣದಲ್ಲಿ ಲೈಸೆನ್ಸ್ ಸಂಖ್ಯೆ ಮತ್ತು ಜನ್ಮದಿನಾಂಕ ಕೊಟ್ಟರೆ ಯಾವ ವರ್ಗಕ್ಕೆ, ಎಂದಿನವರೆಗೆ ಎಂಬುದು ತಿಳಿಯುತ್ತದೆ.

ತಾರೀಖಿನ ವಿಷಯವೂ ಅಷ್ಟೇ ಮುಖ್ಯ. ಕಾರ್ಡಿನ ಮೇಲೆ ಎರಡು ತಾರೀಖುಗಳಿರಬಹುದು, ಸಾರಿಗೆಯಲ್ಲದ್ದಕ್ಕೆ ಒಂದು, ಸಾರಿಗೆಗೆ ಒಂದು. ಸಾರಿಗೆ ಲೈಸೆನ್ಸಿನ ಅವಧಿ ಐದು ವರ್ಷ. ದೊಡ್ಡ ಲಾರಿ ನಡೆಸುವವರ ಕಾರ್ಡಿನಲ್ಲಿ ನೋಡಬೇಕಾದ್ದು ಈ ಎರಡನೆಯ ತಾರೀಖನ್ನು. ಸಾಮಾನ್ಯ ಲೈಸೆನ್ಸು ಮೂವತ್ತು ವರ್ಷದೊಳಗಿನವರಿಗೆ ನಲವತ್ತು ತುಂಬುವವರೆಗೆ, ಮೂವತ್ತರಿಂದ ಐವತ್ತರವರಿಗೆ ಹತ್ತು ವರ್ಷ, ಐವತ್ತರಿಂದ ಐವತ್ತೈದರವರಿಗೆ ಅರುವತ್ತು ತುಂಬುವವರೆಗೆ, ಆಮೇಲೆ ಐದೈದು ವರ್ಷಕ್ಕೆ. ಹಿಂದೆ ಅವಧಿ ಮುಗಿದ ಮೇಲೂ ಮೂವತ್ತು ದಿನ ಲೈಸೆನ್ಸು ಊರ್ಜಿತದಲ್ಲಿರುತ್ತಿತ್ತು. 2019ರ ತಿದ್ದುಪಡಿಯಲ್ಲಿ ಆ ಸವಲತ್ತನ್ನು ತೆಗೆದಿದ್ದಾರೆ. ಮುಗಿಯುವ ಒಂದು ವರ್ಷ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬಹುದು. ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಓಡಿಸಿ ತೋರಿಸಿ ಪರೀಕ್ಷೆ ಪಾಸಾಗಬೇಕು. ನಲವತ್ತು ದಾಟಿದವರು ವೈದ್ಯರ ಪ್ರಮಾಣಪತ್ರ, ಅಂದರೆ ನಮೂನೆ 1ಎ, ಕೊಡಬೇಕು. ಮಕ್ಕಳು ಬೆಂಗಳೂರು ಸೇರಿ, ಅರುವತ್ತೈದರ ಯಜಮಾನರೇ ಪಿಕಪ್ಪು ಹಿಡಿಯುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲವಾದ್ದರಿಂದ ಇದನ್ನು ವಿಶೇಷವಾಗಿ ಹೇಳುತ್ತಿದ್ದೇವೆ. ಚಾಲಕನ ಕಾರ್ಡು ನೋಡುವಾಗ ತಮ್ಮದನ್ನೂ ಒಮ್ಮೆ ತಿರುಗಿಸಿ ನೋಡಲಿ.

ಇನ್ನು 7,500 ಕಿಲೋ ಮೀರಿದ ವಾಹನ ಬೇಕೇಬೇಕು ಎನ್ನುವವರು ಒಂದು ವರ್ಷ ಮೊದಲೇ ತಯಾರಿ ಮಾಡಿಕೊಳ್ಳಬೇಕು. ಚಾಲಕನಿಗೆ 20 ವರ್ಷ ತುಂಬಿರಬೇಕು. ಎಲ್.ಎಂ.ವಿ. ಲೈಸೆನ್ಸು ಪಡೆದು ಕಡಮೆಯೆಂದರೆ ಒಂದು ವರ್ಷವಾಗಿರಬೇಕು. ಅದಕ್ಕೆ ಮೊದಲು ಸಾರಿಗೆ ವಾಹನದ ಕಲಿಕೆ ಲೈಸೆನ್ಸನ್ನೇ ಕೊಡುವುದಿಲ್ಲ. ವೈದ್ಯರ ಪ್ರಮಾಣಪತ್ರದ ಜೊತೆಗೆ ಮಾನ್ಯತೆ ಪಡೆದ ಚಾಲನಾ ಶಾಲೆಯ ನಮೂನೆ 5 ಬೇಕು. ಆಮೇಲೆ ಅದೇ ವರ್ಗದ ವಾಹನದಲ್ಲಿ ಪರೀಕ್ಷೆ. ಹಿಂದೆ ಎಂಟನೆಯ ತರಗತಿ ಪಾಸಾಗಿರಬೇಕೆಂಬ ನಿಯಮವಿದ್ದುದರಿಂದ ಕೈಯಲ್ಲಿ ಒಳ್ಳೆಯ ಕಸುಬಿದ್ದ ಎಷ್ಟೋ ತೋಟದ ಹುಡುಗರು ಹೊರಗುಳಿದಿದ್ದರು. 2019ರಲ್ಲಿ ಆ ನಿಯಮವನ್ನು ಕೈಬಿಟ್ಟರು. ಈ ಸಂಗತಿ ನಮ್ಮ ಲೈನುಗಳಿಗೆ ಇನ್ನೂ ಸರಿಯಾಗಿ ತಲುಪಿಲ್ಲವೆಂದು ನಮಗೆ ತೋರುತ್ತದೆ. ಓದು ಬಾರದೆ ಹಿಂದೆ ವಾಪಸು ಬಂದವರಿದ್ದರೆ ಮತ್ತೆ ಕಳುಹಿಸಿ.

ಮನೆಯ ಹುಡುಗರ ಬಗ್ಗೆ ಹೇಳದೆ ಬಿಡುವಂತಿಲ್ಲ. ಹದಿನೈದು ಹದಿನಾರಕ್ಕೇ ತೋಟದೊಳಗೆ ಜೀಪು ಕಲಿಯುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು, ಅದಕ್ಕೆ ಹೆಮ್ಮೆಪಡುವ ತಂದೆಯರೂ ಇದ್ದಾರೆ. ಗೇಟು ಹಾಕಿದ ಸ್ವಂತ ತೋಟದ ಒಳಗಿನ ಮಾತು ಬೇರೆ. ಆದರೆ ಮಲೆನಾಡಿನಲ್ಲಿ ಎಷ್ಟು ತೋಟಗಳ ನಡುವೆ ಊರವರು ಓಡಾಡುವ ದಾರಿಯಿಲ್ಲ? ಸಾರ್ವಜನಿಕರಿಗೆ ಹೋಗಿಬರುವ ಹಕ್ಕಿರುವ ದಾರಿ ಯಾರ ಸರ್ವೆ ನಂಬರಿನಲ್ಲಿದ್ದರೂ ಕಾಯಿದೆಯ ಕಣ್ಣಿಗೆ ಸಾರ್ವಜನಿಕ ಸ್ಥಳವೇ. ಅಲ್ಲಿ ಹದಿನೆಂಟು ತುಂಬದ ಹುಡುಗ ವಾಹನ ನಡೆಸಿ ಅಪರಾಧವಾದರೆ 199ಎ ಕಲಮಿನಂತೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಸಜೆ, 25,000 ರೂಪಾಯಿ ದಂಡ, ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸೇ ಸಿಗುವುದಿಲ್ಲ.

ಹೋಂಸ್ಟೇ ನಡೆಸುವ ಸದಸ್ಯರಲ್ಲಿ ಕೆಲವರು ಈಚೆಗೆ ಮಲಗಲು, ಅಡುಗೆಗೆ ಅನುಕೂಲವಿರುವ ಕ್ಯಾಂಪರ್ ವ್ಯಾನುಗಳ ಬಗ್ಗೆ ವಿಚಾರಿಸುತ್ತಿದ್ದಾರೆ. ಸ್ವಂತ ಉಪಯೋಗದ ಕ್ಯಾಂಪರ್ ವ್ಯಾನು ಕೇಂದ್ರ ಸರಕಾರದ 2004ರ ಪಟ್ಟಿಯಂತೆ ಸಾರಿಗೆಯೇತರ ವಾಹನ. ಅತಿಥಿಗಳಿಗೆ ಬಾಡಿಗೆಗೆ ಬಿಟ್ಟರೆ ಸಾರಿಗೆ ವಾಹನ. ಅಲ್ಲಿಯೂ ತೂಕವನ್ನೇ ಮೊದಲು ನೋಡಬೇಕು. ಹಳೆಯ ಬಸ್ಸಿನ ಚಾಸಿಯ ಮೇಲೆ ಮನೆ ಕಟ್ಟಿಸುವ ಯೋಚನೆಯಿದ್ದರೆ ಬಡಗಿಯನ್ನು ಕರೆಸುವ ಮೊದಲು ಆರ್.ಟಿ.ಓ. ಕಚೇರಿಗೆ ಹೋಗಿ ಬನ್ನಿ, ಏಕೆಂದರೆ ವಾಹನದ ಮೂಲ ರೂಪವನ್ನು ಅನುಮತಿಯಿಲ್ಲದೆ ಬದಲಿಸುವಂತಿಲ್ಲ. ಈ ತೂಕದ ತಾಪತ್ರಯ ನಮ್ಮಲ್ಲಿ ಮಾತ್ರ ಇದೆಯೆಂದು ತಿಳಿಯಬೇಡಿ. ಬ್ರಿಟನ್ನಿನಲ್ಲಿ 1997ರ ಜನವರಿ 1ರಿಂದ ಈಚೆಗೆ ಕಾರಿನ ಪರೀಕ್ಷೆ ಪಾಸಾದವರ ಸಾಮಾನ್ಯ ಲೈಸೆನ್ಸು ಪೆಟ್ರೋಲು ಡೀಸೆಲಿನ ಗಾಡಿಗಳಲ್ಲಿ 3,500 ಕಿಲೋವರೆಗೆ ಮಾತ್ರ ಸಲ್ಲುತ್ತದೆ. ಅದಕ್ಕೆ ಹಿಂದೆ ಪಾಸಾದವರ ಲೈಸೆನ್ಸಿನಲ್ಲಿ ಸಾಮಾನ್ಯವಾಗಿ 7,500 ಕಿಲೋವರೆಗಿನ ಹಕ್ಕು ಸೇರಿರುತ್ತದೆ. ಹೀಗೆ ಅಪ್ಪ ಓಡಿಸಬಹುದಾದ ದೊಡ್ಡ ಮೋಟಾರ್‌ಹೋಮನ್ನು ಮಗ ಇನ್ನೊಂದು ಪರೀಕ್ಷೆಯಿಲ್ಲದೆ ಮುಟ್ಟುವಂತಿಲ್ಲ. ಅಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಹೋಗುವ ಸದಸ್ಯರಿಗೆ ಇದು ಮಾತಿಗಾದರೂ ಬಂದೀತು.

ಅರ್ಜಿ ಹಾಕುವ ಕ್ರಮ ಈಗ ಸುಲಭವಾಗಿದೆ. ಸಾರಥಿ ತಾಣದಲ್ಲಿ ಅರ್ಜಿ ತುಂಬಿ ದಿನ ಗೊತ್ತುಮಾಡಿಕೊಂಡು ಹೋಗಬೇಕು. 2019ರಿಂದ ರಾಜ್ಯದೊಳಗಿನ ಯಾವುದೇ ಲೈಸೆನ್ಸ್ ಪ್ರಾಧಿಕಾರಕ್ಕೆ ಅರ್ಜಿ ಕೊಡಲು ಕಾಯಿದೆಯಲ್ಲಿ ಅವಕಾಶವಿದೆ. ಮೂಡಿಗೆರೆ ಕಡೆಯವರು ಚಿಕ್ಕಮಗಳೂರಿಗೇ ಹೋಗಬೇಕೆಂದಿಲ್ಲ, ಜಿಲ್ಲೆ ಬೇರೆಯಾದರೂ ಸಕಲೇಶಪುರಕ್ಕೆ ಹೋಗಬಹುದು. ಸಾಗರ, ಶಿರಸಿ, ಪುತ್ತೂರು, ತರೀಕೆರೆಗಳಲ್ಲೂ ಕಚೇರಿಗಳಿವೆ. ಮಳೆಗಾಲದ ಆಷಾಢ ಶ್ರಾವಣಗಳಲ್ಲಿ ಕೆಲಸ ಕಡಿಮೆಯಿರುವಾಗ ಚಾಲಕನನ್ನು ಕಳುಹಿಸಿದರೆ ಕೊಯ್ಲಿನ ಹೊತ್ತಿಗೆ ಕಾರ್ಡು ಕೈಸೇರುತ್ತದೆ. ಮೊಬೈಲಿನ ಡಿಜಿಲಾಕರಿನಲ್ಲಿರುವ ಲೈಸೆನ್ಸನ್ನೂ ಪೊಲೀಸರು ಒಪ್ಪಬೇಕೆಂದು ನಿಯಮವಿದೆ. ಆದರೆ ನಮ್ಮ ಘಾಟಿಗಳಲ್ಲಿ ಸಿಗ್ನಲ್ಲು ಸಿಗುವುದು ಮಂಜು ಸರಿದಷ್ಟೇ ಅಪರೂಪ. ಕಾರ್ಡನ್ನು ಗಾಡಿಯಲ್ಲೇ ಇರಿಸಿ.